ಅರುಂಧತಿಯ ಕೊನೆಯ ಮಾತು

ವಿರುಪಾಕ್ಷ ಮೈಕನ್ನು ತಮ್ಮ ಬಾಯಿಯ ಮಟ್ಟಕ್ಕೆ ಬಗ್ಗಿಸಲು ಹೋದರು, ಅದು ಹಟಮಾರಿಯಂತೆ ಮತ್ತೆ ಮೇಲಕ್ಕೆದ್ದಿತು. ಕನ್ನಡ ಸಂಘದ ಮೂರ್ತಿ ಬಂದು ಸರಿಮಾಡಿ ಕೊಟ್ಟರು. ಪಕ್ಕದಲ್ಲಿ, ಮುಚ್ಚಳ ತೆಗೆದ ಪೆಟ್ಟಿಗೆಯಲ್ಲಿ, ಅವರ ಹೆಂಡತಿ ಅರುಂಧತಿ ರೇಷ್ಮೆ ಸೀರೆಯುಟ್ಟು ಮಲಗಿದ್ದರು. ಮೆಲ್ಬರ್ನಿನ ಆ ಶವಸಂಸ್ಕಾರದ ಚಾಪೆಲ್‌ನಲ್ಲಿ ಟಾರ್ನೀಟ್ ಬಡಾವಣೆಯ ಅರ್ಧ ಕನ್ನಡಿಗರು ಸೇರಿದ್ದರು.

"ನಂಗೆ ಭಾಷಣ ಬರಲ್ಲ," ಎಂದರು ವಿರುಪಾಕ್ಷ. "ಇವಳು ನನ್ನನ್ನ ಬೈದವಳಲ್ಲ, ಹೊಗಳಿದವಳೂ ಅಲ್ಲ. ಕೊನೇ ದಿನ ಆಸ್ಪತ್ರೇಲಿ ಮಾತ್ರ ನನ್ನ ಕೈ ಹಿಡ್ಕೊಂಡು, 'ಬಹಳ ದೂರ ಅಲೆದು ನಿನ್ನ ಬಾಗಿಲಿಗೆ ಬಂದಿದ್ದೇನೆ. ನನ್ನ ಕೈಯಲ್ಲಿ ಏನೂ ಇಲ್ಲ. ನೀನು ನನ್ನನ್ನು ಬಿಡಲಿಲ್ಲ, ಈಗಲೂ ಬಿಡಬೇಡ' ಅಂದ್ಲು. ಬಿಡಲ್ಲ ಕಣೇ ಅಂದೆ. ಅಷ್ಟೇ."

ಅಳದವರು ಯಾರೂ ಇರಲಿಲ್ಲ. ಬೆಳಗಿನ ವಿಮಾನದಲ್ಲಿ ಸಿಡ್ನಿಯಿಂದ ಬಂದಿದ್ದ ವಂದನಾ ಮಾತ್ರ ತಲೆ ತಗ್ಗಿಸಿದವಳು ಎತ್ತಲೇ ಇಲ್ಲ. ಅರುಂಧತಿಯ ಹಳೆಯ ಶಿಷ್ಯೆ ಅವಳು. ಅವಳ ಮುಖ ಬಿಳಿಚಿಕೊಂಡದ್ದನ್ನು ವಿರುಪಾಕ್ಷರ ಮಗಳು ಗಗನಾ ನೋಡಿದಳು.

*

ಸಿಡ್ನಿಯ ವಿಶ್ವವಿದ್ಯಾಲಯದಲ್ಲಿ ಅರುಂಧತಿ ಲ್ಯಾಟಿನ್ ಕಲಿಸುತ್ತಿದ್ದರು. ಮೈಸೂರಿನವಳಿಗೆ ಅದ್ಯಾಕಮ್ಮ ಬೇಕಿತ್ತು ಎಂದು ಊಟಕ್ಕೆ ಬಂದವರೆಲ್ಲ ಕೇಳುವರು. ಅವರು ನಕ್ಕು ಇನ್ನೊಂದು ಸೌಟು ಪುಳಿಯೋಗರೆ ಬಡಿಸಿಬಿಡುವರು. ಸಾವಿರ ವರ್ಷಕ್ಕೂ ಹಿಂದಿನ ಕ್ರೈಸ್ತ ಸನ್ಯಾಸಿಗಳು ಸಂತರ ಮೇಲೆ ಬರೆದ ಪದ್ಯಗಳೇ ಅವರ ಜೀವ. ಪವಾಡಗಳೆಲ್ಲ ಒಂದೇ ಥರ, ಅವನ್ನು ದಾಟಿಕೊಂಡು ಹೋಗಿ ಎಂದು ಹುಡುಗರಿಗೆ ಹೇಳುತ್ತಿದ್ದರು. ಇಷ್ಟು ಹೊತ್ತು ಸಂತನನ್ನು ಹೊಗಳಿದ ಕವಿ ಕೊನೆಯಲ್ಲಿ ತಾನೇ ಮುಂದೆ ಬರುತ್ತಾನೆ: ನನಗೆ ವಯಸ್ಸಾಯಿತು, ಕಣ್ಣು ನೋಯುತ್ತಿದೆ, ನನ್ನನ್ನು ಮರೆಯಬೇಡ. ಆ 'ನಾನು' ಬರುವ ಜಾಗಕ್ಕಾಗಿಯೇ ಅವರು ಓದುತ್ತಿದ್ದುದು.

ಗಗನಾ ಚಿಕ್ಕವಳಿದ್ದಾಗ ವಿರುಪಾಕ್ಷರಿಗೆ ಮೆಲ್ಬರ್ನಿನ ಸೇತುವೆಯೊಂದರ ಕೆಲಸ ಸಿಕ್ಕಿತು. ಎರಡೇ ವರ್ಷ, ಆಮೇಲೆ ವಾಪಸ್ಸು ಎಂದಿದ್ದರು. ವಾಪಸ್ಸು ಹೋಗಲಿಲ್ಲ. ಇಲ್ಲಿ ಅರುಂಧತಿಗೆ ಒಂದಿಷ್ಟು ಟ್ಯುಟೋರಿಯಲ್ ಪಾಠಗಳು ಸಿಕ್ಕವು, ಕ್ರಮೇಣ ಅವೂ ನಿಂತವು. ಹೆಂಡತಿ ಜಗಳವಾಡಿದ್ದರೆ ವಿರುಪಾಕ್ಷರಿಗೆ ನೆಮ್ಮದಿಯಾಗುತ್ತಿತ್ತು. ಆಕೆ ಪುಸ್ತಕದ ಪೆಟ್ಟಿಗೆಗಳನ್ನು ಗ್ಯಾರೇಜಿಗೆ ತಳ್ಳಿ, ಕೈ ತೊಳೆದು ಬಂದು ಅನ್ನಕ್ಕಿಟ್ಟರು. ಅಂದಿನಿಂದ ಕಾರು ನಿಲ್ಲಿಸುವಾಗಲೆಲ್ಲ ವಿರುಪಾಕ್ಷ ಆ ಪೆಟ್ಟಿಗೆಗಳತ್ತ ನೋಡದೆ ಇಳಿದು ಬರುತ್ತಿದ್ದರು. ಕ್ಷಮಿಸಿದ್ದೀಯಾ ಎಂದು ಕೇಳುವುದಕ್ಕೆ ಬಾಯಿ ಬರಲಿಲ್ಲ, ಪಾಪ. ಆಸ್ಪತ್ರೆಯಲ್ಲಿ ಆ ಮಾತು ಕೇಳಿದಾಗ, ಕೇಳದೆಯೇ ಉತ್ತರ ಸಿಕ್ಕಿತೆಂದು ಮಗುವಿನಂತೆ ಅತ್ತಿದ್ದರು.

*

ಜನ ಸಾಲಾಗಿ ಬಂದು ಹೂವಿನ ಎಸಳು ಹಾಕತೊಡಗಿದರು. ಗಗನಾ ವಂದನಾಳನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕರೆದೊಯ್ದು ಏನಾಯಿತೆಂದು ಕೇಳಿದಳು. ವಂದನಾ ಏನಿಲ್ಲ ಎಂದಳು, ಸುಸ್ತು ಎಂದಳು, ಕೊನೆಗೆ ಹೇಳಿಯೇಬಿಟ್ಟಳು. ಅವಳೂ ಅರುಂಧತಿಯೂ ವಾರವಾರ ವಿಡಿಯೋ ಕಾಲಿನಲ್ಲಿ ಕೂತು ಸಂತನ ಮೇಲಿನ ಅಂಥದೊಂದು ಲ್ಯಾಟಿನ್ ಪದ್ಯವನ್ನು ಕನ್ನಡಕ್ಕೆ ತರುತ್ತಿದ್ದರಂತೆ.

"ಅಂಕಲ್ ಹೇಳಿದ್ದು ಅದರ ಕೊನೆ, ಗಗನಾ. ಕವಿ ಸಂತನ ಸಮಾಧಿ ಮುಂದೆ ನಿಂತು ಹೇಳೋ ಮಾತು. ಒಂದು ಪದಾನೂ ಬೇರೆ ಇಲ್ಲ."

"ಡ್ಯಾಡ್‌ಗೆ ಹೇಳ್ಬೇಡಿ, ಪ್ಲೀಸ್. ಹಿ ಹ್ಯಾಸ್ ನಥಿಂಗ್ ಎಲ್ಸ್."

ಮಗಳನ್ನು ಕರೆಯಲು ಬಂದಿದ್ದ ವಿರುಪಾಕ್ಷ ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಯಾರ ಮೇಲೂ ಅವರು ಸಿಟ್ಟಾಗಲಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದರು:

"ಅದಕ್ಕೆ ಆ ಸಂತ ಏನಂತಾನಮ್ಮ?"

ವಂದನಾ ಗಗನಾಳ ಮುಖ ನೋಡಿದಳು. "ಏನೂ ಅನ್ನಲ್ಲ ಅಂಕಲ್. ಅವನು ತೀರಿಹೋಗಿರ್ತಾನಲ್ಲ. ಕವಿ ಕೇಳ್ತಾನೆ, ಪದ್ಯ ಮುಗಿದುಹೋಗುತ್ತೆ." ಅಷ್ಟೊಂದು ಸಾಲುಗಳಲ್ಲಿ ಅರುಂಧತಿ ಅದನ್ನೇ ಆರಿಸಿ, ನಿಮ್ಮ ಕೈ ಹಿಡಿದೇ ಹೇಳಿದರಲ್ಲ ಎಂದು ಸೇರಿಸಿದಳು.

"ಇರಬಹುದು ಕಣಮ್ಮ," ಎಂದರು ವಿರುಪಾಕ್ಷ. "ಇನ್ನು ಯಾರನ್ನ ಕೇಳ್ಲಿ?"

ಅವರು ಒಳಗೆ ಹೋದಾಗ ಚಾಪೆಲ್‌ನವನು ಮುಚ್ಚಳವನ್ನು ಎತ್ತಿ ಹಿಡಿದಿದ್ದ. ಮುಂದಿನ ಕುಟುಂಬದ ಕಾರುಗಳು ಆಗಲೇ ಅಂಗಳಕ್ಕೆ ಬರುತ್ತಿದ್ದವು. ಒಂದು ನಿಮಿಷ ಎಂದು ಅವನಿಗೆ ಕೈಸನ್ನೆ ಮಾಡಿ, ವಿರುಪಾಕ್ಷ ಪೆಟ್ಟಿಗೆಯ ಅಂಚು ಹಿಡಿದು ಬಾಗಿದರು.

"ಅರುಂಧತಿ, ಸಿಡ್ನಿ ಬಿಡಿಸ್ದೆ ಅಂತ ನನ್ನ ಮೇಲೆ ಕೋಪ ಇತ್ತೇನೇ?"

ಚಾಪೆಲ್ ತುಂಬ ಜನ ಕೇಳಿಸಿಕೊಂಡರು. ವಿರುಪಾಕ್ಷರನ್ನು ಎಬ್ಬಿಸಲು ಹೋದ ಮೂರ್ತಿಯವರ ತೋಳು ಹಿಡಿದು ಗಗನಾ ತಡೆದಳು. ವಿರುಪಾಕ್ಷ ಮೆಲ್ಲಗೆ ಮುಖ ಹೊರಳಿಸಿ, ತಮ್ಮ ಕಿವಿಯನ್ನು ಹೆಂಡತಿಯ ತುಟಿಯ ಹತ್ತಿರ ತಂದು, ಹಾಗೆಯೇ ಬಾಗಿ ನಿಂತರು.