ಚಂಪವ್ವನ ಕನ್ನಡಕದ ಮೇಲಿನ ದುರ್ಬೀನು

ನಾನು ಒಂದು ಗಾಜಿನ ಬಿಲ್ಲೆ, ಎಂಟಾಣೆಗಿಂತ ತುಸು ದೊಡ್ಡವನು. ಹೊಟ್ಟೆ ಎರಡೂ ಕಡೆ ಉಬ್ಬಿದೆ. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಉಜ್ಜಿ ಉಜ್ಜಿ ಹೊಳಪು ಮಾಡಿದರು. ಸುತ್ತಲೂ ಹಿತ್ತಾಳೆಯ ಪಟ್ಟಿ ಕಟ್ಟಿ, ಮೇಲೊಂದು ತಂತಿಯ ಕೊಕ್ಕೆ ಇಟ್ಟರು. ಆ ಕೊಕ್ಕೆಯಿಂದ ನಾನು ಯಾರ ಕನ್ನಡಕಕ್ಕಾದರೂ ಜೋತುಬೀಳಬಲ್ಲೆ. ಬೇಡವಾದಾಗ ಹಣೆಯ ಕಡೆಗೆ ಎತ್ತಿಬಿಟ್ಟರೆ ಸುಮ್ಮನೆ ಸೂರು ನೋಡುತ್ತ ಇರುತ್ತೇನೆ. ಪುಸ್ತಕದವರು ನನ್ನನ್ನು ಭೂತಕನ್ನಡಿ ಎನ್ನುತ್ತಾರೆ. ನಾನು ಬಾಳಿದ ಮನೆಯಲ್ಲಿ ಎಲ್ಲರೂ ದುರ್ಬೀನು ಎಂದರು.

ನನ್ನನ್ನು ಮೊದಲು ಕೊಂಡವರು ಗದಗಿನ ಮಾನಪ್ಪ ಪತ್ತಾರರು. ಬಂಗಾರದ ಕೆಲಸ ಅವರದು. ಮೂಗುತಿಯ ಹರಳು, ಬುಗುಡಿಯ ಬೆಸುಗೆ, ಎಲ್ಲವನ್ನೂ ನನ್ನ ಮೂಲಕವೇ ನೋಡುತ್ತಿದ್ದರು. ನನ್ನ ಯೌವನವೆಲ್ಲ ಕುಲುಮೆಯ ಬಿಸಿಯಲ್ಲಿ ಹಾಯಾಗಿ ಕಳೆಯಿತು. ಕೈ ನಡುಗತೊಡಗಿದಾಗ ಅವರು ಕೆಲಸವನ್ನು ಮಗ ಕಾಳಪ್ಪನಿಗೆ ಒಪ್ಪಿಸಿ, ಪಡಸಾಲೆಯಲ್ಲಿ ಕೂತು ಪೇಪರು ಓದಲು ನನ್ನನ್ನು ಇಟ್ಟುಕೊಂಡರು. ಕಾಳಪ್ಪನ ಹೆಂಡತಿ ಚಂಪವ್ವ. ಅವರಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಭುವನಾ.

ಭುವನಾ ಮೂರನೆಯ ತರಗತಿಯಲ್ಲಿದ್ದಾಗ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮಕ್ಕಳಿಗೂ ಅದು ಬರುತ್ತದೆಂದು ಆ ಮನೆಯವರು ಕೇಳಿಯೇ ಇರಲಿಲ್ಲ. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಲೇಬೇಕು, ಕಡಿಮೆಯಾದರೂ ಕಷ್ಟ, ಹೆಚ್ಚಾದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರು. ಕಾಳಪ್ಪನಿಗೆ ಮಗಳ ಮೈಗೆ ಸೂಜಿ ತಾಗಿಸುವುದೆಂದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೀಗಾಗಿ ಅದು ಚಂಪವ್ವನ ಪಾಲಿಗೆ ಬಂತು. ಔಷಧದ ಬಾಟಲಿಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ತಂಪಾಗಿಟ್ಟು, ಹೊತ್ತು ಹೊತ್ತಿಗೆ ತೆಗೆದು ಚುಚ್ಚುತ್ತಿದ್ದಳು.

ಆದರೆ ಅವಳಿಗೆ ಚಾಳೀಸು ಬಂದಿತ್ತು. ಕನ್ನಡಕ ಹಾಕಿದರೂ ಸಿರಿಂಜಿನ ಗೆರೆಗಳು ಒಂದರ ಮೇಲೊಂದು ಕೂತಂತೆ ಕಾಣುತ್ತಿದ್ದವು. ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ಕೆಲಸ ಮಾಡುವವರು ಯಾರು ಎಂಬ ದಿಗಿಲು. ಒಂದು ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡು ಉಪ್ಪಿಟ್ಟು ತಿಂದ ಭುವನಾ ಸ್ವಲ್ಪ ಹೊತ್ತಿಗೆಲ್ಲ ಬೆವೆತು, ಏನೇನೋ ತೊದಲತೊಡಗಿದಳು. ಚಂಪವ್ವ ಓಡಿ ಸಕ್ಕರೆ ನೀರು ಕದಡಿ ತಂದು ಕುಡಿಸಿದಳು. ಹುಡುಗಿ ಚೇತರಿಸಿಕೊಂಡಳು. ತಾಯಿ ಮಾತ್ರ ಒಲೆಯ ಮುಂದೆ ಕೂತು, ಗೆರೆ ತಪ್ಪಿ ಓದಿದೆ ಎಂದು ಬಿಕ್ಕಿದಳು.

ಮಾನಪ್ಪನವರು ಪೇಪರು ಮಡಚಿಟ್ಟರು. ತಮ್ಮ ಕನ್ನಡಕದಿಂದ ನನ್ನನ್ನು ಬಿಡಿಸಿ ಸೊಸೆಯ ಅಂಗೈಯಲ್ಲಿಟ್ಟರು.

“ಮೂಗಿನ ಸನೇಕ ಹಿಡದ ನೋಡವಾ. ದೂರ ಹೋದ್ರ ಮಬ್ಬ ಕಾಣತೈತಿ. ಅವಸರ ಮಾಡಬ್ಯಾಡ” ಎಂದರು.

ಅಂದಿನಿಂದ ನಾನು ಚಂಪವ್ವನ ಬಲಗಣ್ಣಿನ ಮುಂದೆ ಜೋತುಬಿದ್ದೆ. ಬಂಗಾರ ನೋಡುವಾಗ ಎಂದೂ ಹೀಗೆ ಎದೆ ಬಡಿದುಕೊಂಡಿರಲಿಲ್ಲ. ಬಂಗಾರ ತಪ್ಪಿದರೆ ಕರಗಿಸಿ ಮತ್ತೆ ಮಾಡಬಹುದು. ಇಲ್ಲಿ ಒಂದು ಕೂದಲೆಳೆಯಷ್ಟು ಗೆರೆ, ಅದರ ಪಕ್ಕದಲ್ಲೊಂದು ಗಾಳಿಗುಳ್ಳೆ. ಅವಳು ನೋಡುತ್ತಿದ್ದಳು, ನನ್ನನ್ನು ಸೆರಗಿನಿಂದ ಒರೆಸಿ ಮತ್ತೆ ನೋಡುತ್ತಿದ್ದಳು. ಚುಚ್ಚಿದ ಮೇಲೂ ಖಾಲಿ ಸಿರಿಂಜನ್ನು ಎತ್ತಿ ಹಿಡಿಯುತ್ತಿದ್ದಳು. ಭುವನಾ “ಸಾಕ ಬಿಡವ್ವ, ಹಸಿವಾಗೇತಿ” ಎಂದು ಗೊಣಗುತ್ತಿದ್ದಳು.

ಮರುವರ್ಷ ಚಂಪವ್ವನ ತಮ್ಮ ಮೌನೇಶನ ಮಗುವಿಗೆ ಜವಳ ತೆಗೆಯುವ ಕಾರ್ಯವಿತ್ತು. ತಾಯಿ ಮಗಳು ತವರೂರು ಮುಂಡರಗಿಗೆ ಹೋದರು. ತಣ್ಣೀರಿನ ಥರ್ಮಾಸಿನಲ್ಲಿಟ್ಟು ಒಯ್ದ ಔಷಧದ ಬಾಟಲಿ ಬಸ್ಸಿನ ಕುಲುಕಾಟಕ್ಕೆ ಒಡೆದಿತ್ತು. ಅದು ಗೊತ್ತಾದದ್ದು ಪಂಕ್ತಿ ಕೂಡುವ ಹೊತ್ತಿಗೆ. ಮೌನೇಶ ಮೋಟರ್‌ಸೈಕಲ್ ಹತ್ತಿ, ಒಡೆದ ಬಾಟಲಿಯ ಚೀಟಿ ತೋರಿಸಿ ಅದೇ ಹೆಸರಿನ ಹೊಸ ಬಾಟಲಿ ತಂದುಕೊಟ್ಟ. ಎಲೆಗೆ ಹೋಳಿಗೆ ಬಡಿಸಿಯಾಗಿತ್ತು. ಚಂಪವ್ವ ಮಗಳನ್ನು ಒಳಕೋಣೆಗೆ ಕರೆದು, ನನ್ನನ್ನು ಕೆಳಗಿಳಿಸಿ, ಗೆರೆಗೆ ಸರಿಯಾಗಿ ಔಷಧ ಎಳೆದಳು. ಭುವನಾ ಅಂಗಿ ಎತ್ತಿ ಹೊಟ್ಟೆ ತೋರಿಸಿ ನಿಂತಳು.

ಸೂಜಿ ಚರ್ಮದ ಹತ್ತಿರ ಬಂದು ನಿಂತಿತು. ಬಾಟಲಿಯ ಚೀಟಿಯ ಬಣ್ಣ ಚಂಪವ್ವನಿಗೆ ಬೇರೆ ಎನಿಸಿತ್ತು. ಅವಳು ಬಾಟಲಿಯನ್ನು ನನ್ನ ಮುಂದೆ ಹಿಡಿದಳು. ಇರುವೆಯಂಥ ಅಕ್ಷರಗಳು ನನ್ನಲ್ಲಿ ದಪ್ಪಗಾದವು. ಎಂದಿನ ನಲವತ್ತರ ಜಾಗದಲ್ಲಿ ನೂರು ಎಂದಿತ್ತು. ಸಿರಿಂಜು ತಿರುಗಿಸಿದಳು, ಅದರ ಮೇಲೆ ನಲವತ್ತೇ ಇತ್ತು. ಎರಡರ ಮೇಲಿನ ಅಂಕಿಯೂ ಒಂದೇ ಇರಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಷ್ಟೇ ಅವಳಿಗೆ ನೆನಪು. ಇಲ್ಲದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ಹೆಂಗಸರು ಸೇರಿದರು. ಹೆಸರು ಅದೇ ಇದೆಯಲ್ಲ, ಎಲೆ ಮುಂದೆ ಮಂದಿ ಕಾಯುತ್ತಿದ್ದಾರೆ, ಹುಡುಗಿ ಹಸಿದಿದ್ದಾಳೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮೌನೇಶನೂ ಮುಖ ಸಣ್ಣದು ಮಾಡಿಕೊಂಡ. ತವರುಮನೆಯ ಕಾರ್ಯ ಕೆಡಿಸಿದೆನೇ ಎಂದು ಚಂಪವ್ವನಿಗೆ ಅಳುಕಾಯಿತು. ನಾನು ಅವಳ ಕನ್ನಡಕದ ಮೇಲೆ ತಟತಟನೆ ನಡುಗುತ್ತಿದ್ದೆ. ಆದರೂ ಅವಳು ಸಿರಿಂಜಿನ ಔಷಧವನ್ನು ನೆಲಕ್ಕೆ ಚೆಲ್ಲಿಬಿಟ್ಟಳು.

“ನನಗ ಖಾತ್ರಿ ಇಲ್ಲ, ತಮ್ಮಾ. ಖಾತ್ರಿ ಇಲ್ದ ನಾ ಚುಚ್ಚಂಗಿಲ್ಲ. ನೀವೆಲ್ಲಾ ಉಣ್ರಿ.”

ಅವಳು ಗದಗಿನ ಡಾಕ್ಟರಿಗೆ ಫೋನು ಮಾಡಿಸಿದಳು. ಆ ಕಡೆಯಿಂದ ಬಂದ ಮಾತು ಕೇಳುತ್ತ ಮೌನೇಶನ ಮುಖ ಬಿಳಿಚಿತು. ಹೊಸ ಬಾಟಲಿಯ ಔಷಧ ಎರಡೂವರೆಪಟ್ಟು ಗಟ್ಟಿ. ಹಳೆಯ ಸಿರಿಂಜಿನಿಂದ ಅಷ್ಟೇ ಗೆರೆ ಕೊಟ್ಟಿದ್ದರೆ ಹುಡುಗಿ ಉಳಿಯುವುದು ಕಷ್ಟವಿತ್ತು. ಅವನು ಮತ್ತೆ ಗಾಡಿ ಹತ್ತಿ, ನೂರು ಎಂದು ಬರೆದ ಸಿರಿಂಜನ್ನು ಹುಡುಕಿ ತಂದ. ಅಲ್ಲಿಯವರೆಗೂ ತಾಯಿ ಮಗಳು ಗೋಡೆಗೊರಗಿ ಕೂತಿದ್ದರು. ಭುವನಾ ಉಂಡು ಕೈ ತೊಳೆದ ಮೇಲೆಯೇ ಚಂಪವ್ವನ ಕಣ್ಣೀರು ಇಳಿದದ್ದು. ನಾನು ಪೂರಾ ಮಂಜಾದೆ. ಮೌನೇಶ ಎಲೆ ಹಾಕಿ ಅಕ್ಕನಿಗೆ ತಾನೇ ಬಡಿಸಿದ.

ವರ್ಷಗಳು ಉರುಳಿದವು. ಮಾನಪ್ಪನವರು ತೀರಿಕೊಂಡರು. ಭುವನಾ ಕಾಲೇಜು ಸೇರುವ ಹೊತ್ತಿಗೆ ಪೆನ್ನಿನಂಥ ಸೂಜಿ ಬಂತು. ಅದರ ತುದಿ ತಿರುಗಿಸಿದರೆ ಟಿಕ್ ಟಿಕ್ ಎಂದು ಅಂಕಿಗಳು ದೊಡ್ಡದಾಗಿ ಕಾಣುತ್ತವೆ. ಅವಳೇ ಚುಚ್ಚಿಕೊಳ್ಳತೊಡಗಿದಳು. ಚಂಪವ್ವನ ಭಯ ಹೋಗಲಿಲ್ಲ. ನನ್ನನ್ನು ಸಿಕ್ಕಿಸಿಕೊಂಡು ಹಿಂದೆ ಬಂದು ನಿಲ್ಲುತ್ತಿದ್ದಳು. “ತಗೊಂಡ್ಯಾ? ತೋರ್ಸು” ಎನ್ನುತ್ತಿದ್ದಳು. ಮಗಳು ಕೆಲವೊಮ್ಮೆ ತೋರಿಸುತ್ತಿದ್ದಳು, ಕೆಲವೊಮ್ಮೆ ಸಿಡುಕುತ್ತಿದ್ದಳು.

ಒಂದು ಬೆಳಿಗ್ಗೆ ಚಂಪವ್ವ ಪಕ್ಕದ ಮನೆಯವಳೊಡನೆ ಹರಟುತ್ತ ರೊಟ್ಟಿ ಬಡಿಯುತ್ತಿದ್ದಳು. ಭುವನಾ ಉಂಡು, ಚೀಲ ಹೆಗಲಿಗೇರಿಸಿ, ಹೋಗಿ ಬರತೀನಿ ಎಂದು ಹೊರಟೇಹೋದಳು. ಎಷ್ಟೋ ರೊಟ್ಟಿಗಳಾದ ಮೇಲೆ ಚಂಪವ್ವನ ಕೈ ತಟ್ಟನೆ ನಿಂತಿತು. ಇಂದು ಕೇಳಲೇ ಇಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲವರೆಗೆ ಬಂದಳು. ಬೀದಿಯ ತುದಿಯಲ್ಲಿ ಮಗಳು ಗೆಳತಿಯರೊಡನೆ ನಗುತ್ತ ತಿರುವು ದಾಟುತ್ತಿದ್ದಳು. ಕರೆಯಲು ಬಾಯಿ ತೆರೆದ ಚಂಪವ್ವ ಕರೆಯಲಿಲ್ಲ. ಒಳಗೆ ಹೋಗಿ ಉಳಿದ ಹಿಟ್ಟು ನಾದಿದಳು.

ಈಗ ನಾನು ಪಡಸಾಲೆಯ ಗೂಡಿನಲ್ಲಿದ್ದೇನೆ. ಅಂಚು ಚಕ್ಕೆ ಎದ್ದಿದೆ, ಕೊಕ್ಕೆ ಸಡಿಲವಾಗಿದೆ, ಮೈಮೇಲೆ ಧೂಳು. ತಿಂಗಳುಗಟ್ಟಲೆ ನನ್ನನ್ನು ಯಾರೂ ಕೇಳುವುದಿಲ್ಲ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ತಿಳಿಯಿತು, ನನ್ನನ್ನು ಹುಡುಕಿಕೊಂಡು ಯಾರೂ ಓಡಿ ಬಾರದ ದಿನವೇ ಈ ಮನೆಗೆ ಒಳ್ಳೆಯ ದಿನ.