ನಡುವೆ ನಿಂತ ಗಾಡಿ

ಮೋಟಾರು ನರಳಿತು. ಎರಡು ಉಕ್ಕಿನ ಸರಳುಗಳ ಮೇಲೆ ಸಲೀಸಾಗಿ ಜಾರಿ ಬರುತ್ತಿದ್ದ ಯಂತ್ರದ ಪುಟ್ಟ ಗಾಡಿ ನಟ್ಟನಡುವೆ ಬಂದು ಗಕ್ಕನೆ ನಿಂತಿತು. ಪಂಢರಿ ಓಡಿಹೋಗಿ ಸ್ವಿಚ್ ಆರಿಸಿದ. ಬೆಳಗಿನಿಂದ ಇದೇ ಗೋಳು. ಎಣ್ಣೆ ಬಿಟ್ಟದ್ದಾಯಿತು, ಸ್ಕ್ರೂ ಒರೆಸಿದ್ದಾಯಿತು, ಗಾಡಿಯನ್ನೇ ಕಳಚಿ ತಿರುಗಿಸಿ ಕೂಡಿಸಿದ್ದೂ ಆಯಿತು. ಅದು ಮಾತ್ರ ಹಟಮಾರಿ ಎಮ್ಮೆಯ ಹಾಗೆ ಅಲ್ಲಿಗೇ ಬಂದು ಕಾಲೂರುತ್ತಿತ್ತು.

"ಮತ್ತ ಅಲ್ಲೇ ನಿಂತದ ನೋಡ್ರಿ," ಅಂದಳು ಬಾಗಿಲಲ್ಲಿದ್ದ ಹೆಂಡತಿ ಸುಜಾತಾ.

"ನನಗೇನ್ ಕಣ್ಣಿಲ್ಲೇನು?" ಅಂದ. ಅಂದ ಮೇಲೆ ಅವನಿಗೇ ಕೆಟ್ಟದೆನಿಸಿತು.

ಭಾಲ್ಕಿಯಲ್ಲಿ ಬಾಗಿಲಿಗೆ ಕೆತ್ತನೆ ಬೇಕಾದವರೆಲ್ಲ ಪಂಢರಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೋದ ವರ್ಷ ಅವನ ಬಲಗೈ ನಡುಗಲು ಸುರುವಾಯಿತು. ಬೀದರಿನ ಡಾಕ್ಟರು ಗುಳಿಗೆ ಬರೆದು, ಇದು ಪೂರಾ ಹೋಗುವಂಥದ್ದಲ್ಲ ಅಂದುಬಿಟ್ಟರು. ಉಳಿ ಹಿಡಿದರೆ ಕಮಲದ ಎಸಳು ಇಲಿ ಕಡಿದ ಹಾಗಾಗುತ್ತಿತ್ತು. ಆಗ ಮೊಬೈಲಿನಲ್ಲಿ ಕಂಡದ್ದು ಸಿಎನ್‌ಸಿ. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ, ಸರಳುಗಳ ಮೇಲೆ ಗಾಡಿ ಓಡಾಡಿ ಕಟ್ಟಿಗೆಯನ್ನು ತಾನೇ ಕೆತ್ತುವ ಯಂತ್ರ. ಹೊಸದನ್ನು ಕೊಳ್ಳುವ ಮಾತು ದೂರ. ಬೀದರಿನ ಕೊಳಾರದ ಗುಜರಿಯಿಂದ ಮೋಟಾರು ಮತ್ತು ಉದ್ದನೆಯ ಸ್ಕ್ರೂ, ಗಾಂಧಿ ಗಂಜಿನಲ್ಲಿ ಕಿತ್ತುಹಾಕಿದ್ದ ಲಾರಿ ತೂಗುವ ಕಾಟಾದ ಪೊಳ್ಳು ಉಕ್ಕಿನ ತೊಲೆಗಳು, ಮುಚ್ಚಿಹೋದ ಪ್ರೆಸ್ಸೊಂದರ ಜೋಡಿ ಸರಳು, ಹೀಗೆ ಒಂದೊಂದೇ ಹೊರಿಸಿಕೊಂಡು ಬಂದ. ಓಣಿಯವರು ನಕ್ಕರು. ನಗಲಿ, ಕೈ ಹೋದರೂ ಕೆತ್ತನೆ ಹೋಗಬಾರದು ಅಂತ ಅವನ ಹಟ. ಎಕಂಬಾದ ಹಣಮಂತಪ್ಪ ಕಾಕಾ ಹೊಸ ಮನೆಯ ಬಾಗಿಲಿಗೆಂದು ತೇಗದ ಹಲಗೆ ತಂದಿಟ್ಟು, ನಿನ್ನ ಯಂತ್ರ ಆಗುವ ತನಕ ಕಾಯುತ್ತೇನೆ ಅಂದಿದ್ದ. ಅವನು ಬರುವ ದಿನ ಇವತ್ತೇ.

ಸುಜಾತಾ ಹೇಳಿ ಕಳಿಸಿದ್ದಕ್ಕೆ ಲಾಲ ಅಹ್ಮದ ಬಂದ. ಗೇಟು, ಟ್ರ್ಯಾಕ್ಟರಿನ ಟ್ರಾಲಿ ಬೆಸೆಯುವವನು. ಪಂಢರಿಯ ಜೊತೆ ಸಾಲಿ ತಪ್ಪಿಸಿ ಓಡಾಡಿದವನು. ಈ ಯಂತ್ರದ ಬೆಸುಗೆಯೆಲ್ಲ ಅವನದೇ.

"ಮೂಲಿ ಸರಿ ಇದ್ದವಲ್ಲ ಪಂಢರಿ ಭಾಯಿ? ಇಬ್ಬರೂ ದಾರ ಹಿಡದು ನೋಡಿದ್ದೆವು."

ನೋಡಿದ್ದರು ನಿಜ. ಬಾಗಿಲ ಚೌಕಟ್ಟಿಗೆ ಮಾಡುವ ಹಾಗೆ ಮೂಲೆಯಿಂದ ಎದುರು ಮೂಲೆಗೆ ದಾರ ಎಳೆದು, ಎರಡೂ ಅಳತೆ ಸಮ ಬಂದದ್ದಕ್ಕೆ ಖುಷಿಯಾಗಿ, ಚಹಾ ಕುಡಿದು, ಯಂತ್ರ ಅಲುಗಬಾರದೆಂದು ತೊಲೆಗಳ ಪೊಳ್ಳಿಗೆ ಅಂದೇ ಸಿಮೆಂಟು ಸುರಿದಿದ್ದರು. ಮೂಲೆ ಸರಿ ಇದ್ದರೆ ಚೌಕಟ್ಟು ಸರಿ. ಪಂಢರಿಯ ಕಸುಬಿನಲ್ಲಿ ಅದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಲಾಲ ಅಹ್ಮದ ಒಂದು ಕಟ್ಟಿಗೆಯ ಪಟ್ಟಿ ಎತ್ತಿಕೊಂಡು ಎರಡು ಸರಳುಗಳ ನಡುವಿನ ಸಂದಿಗೆ ಸರಿಯಾಗಿ ಕೊಯ್ದ. ಈ ತುದಿಯಲ್ಲಿ ಕೂತಿತು. ಆ ತುದಿಯಲ್ಲೂ ಕೂತಿತು. ಮೆಲ್ಲಗೆ ನಡುವಿಗೆ ಸರಿಸಿದ. ಪಟ್ಟಿ ಸಿಕ್ಕಿಕೊಂಡಿತು.

ಅವನು ಪಟ್ಟಿಯನ್ನು ಕೆಳಗಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. "ನಂದೇ ತಪ್ಪದ. ಸರಳ ತೊಲಿಗೆ ಹಚ್ಚುವಾಗ ಈ ತುದಿ ಹಿಡದು ಆ ತುದಿ ತನಾ ಒಂದೇ ಸವನ ಟಾಕಾ ಹೊಡದೀನಿ. ಬೆಸುಗಿ ಕಾವಿಗೆ ಎರಡೂ ನಡುವ ಒಳಗ ಜಗ್ಗ್ಯಾವ. ಗೇಟಿನ್ಯಾಗ ಇಷ್ಟು ಜಗ್ಗಿದ್ರ ಯಾರಿಗೂ ಕಾಣಂಗಿಲ್ಲ ಭಾಯಿ..."

"ನಾನೂ ಮೂಲಿ ಅಷ್ಟೇ ನೋಡೀನಲ್ಲ ಲಾಲಭಾಯಿ."

"ತಡಿ, ಗ್ರೈಂಡರ್ ತರ್ತೇನಿ. ಸರಳ ಬಿಡಸ್ತೇನಿ."

"ಮೈತುಂಬ ಟಾಕಾ ಅದ. ಬಿಡಿಸಿದ್ರ ಸರಳ ಉಳೀತದೇನು? ಅಂಥಾ ಜೋಡಿ ಮತ್ತ ಎಲ್ಲಿಂದ ತರ್ಲಿ? ತೊಲಿನೂ ಬಾಗ್ಯಾವ. ಹೊಟ್ಟಿ ತುಂಬ ಸಿಮೆಂಟ್ ಕುಡದು ಕುಂತಾವ, ಈಗ ಕಾಸಿದ್ರೂ ನೆಟ್ಟಗಾಗಂಗಿಲ್ಲ."

ಬೈದಿದ್ದರೆ ಲಾಲ ಅಹ್ಮದನಿಗೆ ಹಗುರಾಗುತ್ತಿತ್ತೇನೋ. ಪಂಢರಿಗೆ ಸಿಟ್ಟೇ ಬರಲಿಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು. ಹಣಮಂತಪ್ಪ ಟಾವೆಲ್ಲು ಕೊಡವುತ್ತ ಒಳಬಂದ. "ಆಯ್ತೇನೋ ತಮ್ಮಾ?"

"ಹಲಗಿ ಒಯ್ದುಬಿಡ್ರಿ ಕಾಕಾ. ನನ್ನಿಂದ ಆಗಂಗಿಲ್ಲ."

"ಇನ್ನೊಂದಿಷ್ಟು ದಿನ ಕಾಯ್ತೇನಿ. ನನಗೇನು ಅವಸರ?"

"ಬ್ಯಾಡ್ರಿ. ಕಾಯಲಿಕ್ಕ ಏನೂ ಉಳದಿಲ್ಲ."

ಮುದುಕ ಯಂತ್ರವನ್ನೊಮ್ಮೆ, ಕೂತ ಲಾಲ ಅಹ್ಮದನನ್ನೊಮ್ಮೆ ನೋಡಿದ. "ಹಂಗಾರ ಬೀದರದಾಗ ಯಾರರೆ ಕೆತ್ತಲಿ. ಹೂವು ಮಾತ್ರ ನಿಂದೇ ಬೇಕು ನೋಡು. ಹಲಗಿ ಮ್ಯಾಲ ಬರದು ಕೊಡು."

ಪಂಢರಿ ಕಿವಿಯ ಸಂದಿನ ಪೆನ್ಸಿಲ್ಲು ತೆಗೆದ. ಹಲಗೆಯ ಹತ್ತಿರ ಹೋಗುವುದರೊಳಗೇ ಅದರ ಮೊನೆ ಗಾಳಿಯಲ್ಲಿ ಗೀಚತೊಡಗಿತ್ತು. ತಿರುಗಿ ಸುಜಾತಾಳ ಕೈಗೆ ಕೊಟ್ಟ.

"ನಾ ಎಲ್ಲಿ ಬರೀಲಿರಿ? ನನಗ ಬರಂಗಿಲ್ಲ."

"ನಾ ಹೇಳ್ತೇನಿ. ನಡುವಿನ ಎಸಳು ನೆಟ್ಟಗ ನಿಂದ್ರಬೇಕು. ಬಾಜೂಕಿನವು ಒಂಚೂರು ಜೋಲಬೇಕು, ಹೆಚ್ಚಿಲ್ಲ. ಕುಡಿ ಒಳಗ ಬಾಗಿರ್ಲಿ."

ಅವಳು ತುಟಿ ಕಚ್ಚಿಕೊಂಡು ಗೆರೆ ಎಳೆದಳು, ಸೆರಗಿನಿಂದ ಒರೆಸಿದಳು, ಮತ್ತೆ ಎಳೆದಳು. ಪಂಢರಿ ಬಲಗೈಯನ್ನು ಎಡಗಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಕಮಲ ಕೋಸುಗಡ್ಡೆಯಾಯಿತು. ಸುಜಾತಾ ತಲೆ ಎತ್ತಿದಳು, ಅವಳ ಕಣ್ಣು ತುಂಬಿತ್ತು.

"ಹಿಂಗೇನ್ರಿ?"

ಪಂಢರಿ ಬಗ್ಗಿ ಒಂದೊಂದೇ ಎಸಳು ನೋಡಿದ.

"ಹಾಂ," ಅಂದ. "ಹಿಂಗೇ."

ಪಂಢರಿಯೇ ಹಾಂ ಅಂದಮೇಲೆ ಹಣಮಂತಪ್ಪನಿಗೆ ಸಮಾಧಾನವಾಯಿತು. ಗೆರೆ ಅಳಿಸೀತೆಂದು ತನ್ನ ಟಾವೆಲ್ಲನ್ನು ಹೂವಿನ ಮೇಲೆ ಮೆತ್ತಗೆ ಹಾಸಿ, ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.