ಮಿರ್ಚಿ ಅಂಗಡಿಯ ಸಾಕ್ಷಿ

ಲಕ್ಷ್ಮೇಶ್ವರದ ಬಳೆ ವ್ಯಾಪಾರಿ ದಾದಾಪೀರನಿಗೆ ಹೆಂಡತಿಯ ನರಳಾಟ ಕೇಳುವ ಧೈರ್ಯವಿರಲಿಲ್ಲ. ಹೆರಿಗೆ ಕೋಣೆಯಿಂದ ಯಾಸ್ಮೀನಳ ಮೊದಲ ಕೂಗು ಕೇಳಿದ್ದೇ ತಡ, ಆಸ್ಪತ್ರೆಯ ಎದುರಿನ ಗಾಳೆಪ್ಪನ ಮಿರ್ಚಿ ಭಜಿ ಅಂಗಡಿಗೆ ಹೋಗಿ ಕುಳಿತುಬಿಟ್ಟ. ವಾಪಸು ಬರುವಷ್ಟರಲ್ಲಿ ಮಗಳು ಫಿಜಾ ಹುಟ್ಟಿದ್ದಳು. ಅವಳ ಬಲಗೈ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ಎಣ್ಣಿ ಹಚ್ಚಿ ತಿಕ್ಕ್ರಿ, ಸರಿ ಹೋಗ್ತೈತಿ," ಎಂದರು ಡಾಕ್ಟರು. ವರ್ಷವಾದರೂ ಸರಿಹೋಗಲಿಲ್ಲ. ಭುಜ ಸಿಕ್ಕಿಕೊಂಡಾಗ ಮಗುವಿನ ತಲೆ ಹಿಡಿದು ಜೋರಾಗಿ ಎಳೆದಿದ್ದಾರೆ, ಕೈಯ ನರಗಳಿಗೆ ಪೆಟ್ಟಾಗಿದೆ ಎಂದು ಹುಬ್ಬಳ್ಳಿಯ ತಜ್ಞರು ಹೇಳಿದರು. ಯಾಸ್ಮೀನಳಿಗೆ ನೆನಪಿತ್ತು, ಎಳೆದದ್ದು ನರ್ಸು. ಡಾಕ್ಟರು ಕೋಣೆಗೆ ಬಂದಿರಲೇ ಇಲ್ಲ.

"ಕೇಸ್ ಹಾಕೂಣು," ಎಂದಳು.

"ಡಾಕ್ಟರ್ ಸಾಹೇಬ್ರಿಗೆ ಬ್ಯಾಸರ ಆಗ್ತೈತಲ್ಲ," ಎಂದ ದಾದಾಪೀರ.

"ಹಂಗಾದ್ರ ಒಂದು ಡಜನ್ ಬಳಿ ಕೊಟ್ಟು ಸಮಾಧಾನ ಮಾಡಿ ಬರ್ರಿ."

ಅವನು ಬಳೆ ಕೊಡಲಿಲ್ಲ. ಹೆಂಡತಿಯ ಹಿಂದೆ ಗದಗಿನ ಬಸ್ಸು ಹತ್ತಿದ. ವಕೀಲೆ ಸ್ನೇಹಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಿದಳು. ಹೆರಿಗೆ ಮುಗಿಯುವವರೆಗೂ ಡಾಕ್ಟರು ಕೋಣೆಯಲ್ಲೇ ಇದ್ದರು ಎಂದು ಆಸ್ಪತ್ರೆ ಉತ್ತರ ಕೊಟ್ಟಿತು.

"ನೋವಿನಾಗಿದ್ದಾಕಿಗೆ ಯಾರು ಇದ್ರು, ಯಾರು ಇರಲಿಲ್ಲ ಅಂತ ಹೆಂಗ ಗೊತ್ತು ಅಂತಾರ ಅವರು," ಎಂದಳು ಸ್ನೇಹಾ. ದಾದಾಪೀರನ ಕಡೆ ತಿರುಗಿ, "ನೀವು ಬಾಗಿಲ ಹತ್ರ ಇದ್ರೇನ್ರಿ?" ಎಂದು ಕೇಳಿದಳು.

ಉತ್ತರ ಕೊಟ್ಟವಳು ಯಾಸ್ಮೀನ. "ಇವ್ರು ಎಲ್ಲಿ ಇರ್ತಾರ್ರಿ ಮೇಡಮ್. ನಾ ಒಳಗ ಹಡೀತಿದ್ದೆ, ಇವ್ರು ಹೊರಗ ಮಿರ್ಚಿ ತಿಂತಿದ್ರು."

"ನಾ ಒಬ್ಬನ ಅಲ್ಲ," ಎಂದ ದಾದಾಪೀರ ಮುಖ ಸಣ್ಣದು ಮಾಡಿಕೊಂಡು. "ಡಾಕ್ಟರ್ ಸಾಹೇಬ್ರೂ ಬಾಜೂಕ ಕುಂತು ತಿಂತಿದ್ರು."

ಸ್ನೇಹಾಳ ಪೆನ್ನು ನಿಂತಿತು. ಯಾಸ್ಮೀನ ಗಂಡನನ್ನು ನೋಡಿದಳು. "ಇಷ್ಟು ದಿನ ಯಾಕ ಹೇಳಲಿಲ್ಲ?"

"ಮಿರ್ಚಿ ಅಂದಕೂಡಲೇ ನೀ ನನಗ ಮುಂದ ಎಲ್ಲಿ ಮಾತಾಡಾಕ ಬಿಡ್ತಿ?"

ಅದು ಖರೆಯೇ ಆಗಿತ್ತು.

ಆದರೆ ಗಂಡನ ಮಾತೊಂದೇ ಸಾಲದು, ಗಾಳೆಪ್ಪನೂ ಬಂದು ಹೇಳಬೇಕೆಂದಳು ಸ್ನೇಹಾ. ಮೂರು ವರ್ಷದವಳಾಗಿದ್ದ ಮಗಳನ್ನು ಕರೆದುಕೊಂಡು ಯಾಸ್ಮೀನ ಅಂಗಡಿಗೆ ಹೋದಳು. ಗಾಳೆಪ್ಪ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಸಾಹೇಬ್ರು ನಮ್ಮ ಖಾಯಂ ಗಿರಾಕಿ, ತಂಗಿ. ನನ್ನ ಯಾಕ ನಡುವ ಎಳೀತಿ?" ಯಾಸ್ಮೀನ ಒತ್ತಾಯಿಸಲಿಲ್ಲ. ಅವನು ಮಗುವಿಗೆಂದು ಒಂದು ಮಿರ್ಚಿ ಚಾಚಿದ. ಫಿಜಾ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಅದರ ಅಂಗೈ ಮೇಲೆ ಇಸಿದುಕೊಂಡಳು. ಕೊಡುವುದು ತಗೊಳ್ಳುವುದು ಬಲಗೈಯಲ್ಲೇ ಎಂದು ತಾಯಿ ಕಲಿಸಿದ್ದಳು. ಗಾಳೆಪ್ಪ ಒಲೆ ಆರಿಸಿದ. "ಯಾವತ್ತು ಬರಬೇಕು ಹೇಳು."

ಆಯೋಗದಲ್ಲಿ ಆಸ್ಪತ್ರೆಯ ವಕೀಲರು, ಅಷ್ಟು ಹಳೆಯ ಮಾತು ಹೇಗೆ ನೆನಪಿದೆ ಎಂದು ಕೇಳಿದರು.

"ಈ ಮನುಷ್ಯಾ ಅಳಕೋಂತ ಮಿರ್ಚಿ ತಿಂತಿದ್ದರಿ," ಎಂದ ಗಾಳೆಪ್ಪ ದಾದಾಪೀರನತ್ತ ಕೈ ತೋರಿಸಿ. "ಖಾರ ಭಾಳ ಆತೇನೋ ಅಂತ ನಾನ ನೀರು ಕೊಟ್ಟೆ. ಬಾಜೂಕ ಕುಂತ ಸಾಹೇಬ್ರು, 'ಅಳಬ್ಯಾಡೋ, ನಾ ಇಲ್ಲೇ ಅದೀನಲ್ಲ' ಅಂದ್ರು. ನರ್ಸಮ್ಮ ಗೇಟಿಗೆ ಬಂದು ಎರಡು ಸಲ ಕರದ್ಲರಿ. ಸಾಹೇಬ್ರು ಬಂದೆ ಅಂತ ಹೇಳಿ ಇನ್ನೊಂದು ಪ್ಲೇಟ್ ಹಾಕಿಸ್ಕೊಂಡ್ರು."

ಡಾಕ್ಟರು ತಿರುಗುವ ಫ್ಯಾನು ನೋಡುತ್ತ ಕುಳಿತರು.

ಲಕ್ಷ್ಮೇಶ್ವರಕ್ಕೆ ಮರಳುವ ಬಸ್ಸು ದಾರಿಯ ಮಾಗಡಿ ಊರು ದಾಟಿತು. ಯಾಸ್ಮೀನ ಮೆಲ್ಲಗೆ ಕೇಳಿದಳು, "ಅಳತಿದ್ರೇನು?"

"ಖಾರ ಇತ್ತು," ಎಂದ ದಾದಾಪೀರ ಕಿಟಕಿಯ ಕಡೆ ಮುಖ ಮಾಡಿ.

ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

ಆಸ್ಪತ್ರೆಯ ನಿರ್ಲಕ್ಷ್ಯ ಸಾಬೀತಾಗಿದೆ, ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಕೊಡಬೇಕು ಎಂದು ಆದೇಶವಾಯಿತು. ಪರಿಹಾರ ಫಿಜಾಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಕುಳಿತಿತು. ಹುಬ್ಬಳ್ಳಿಯಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಯಿತು. ಕೈ ಪೂರ್ತಿ ಮೇಲೇಳುವುದಿಲ್ಲ ಎಂದು ಅಲ್ಲಿಯವರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ದಿನಾ ಬೆಳಿಗ್ಗೆ ವ್ಯಾಯಾಮ ಮಾಡಿಸುವಾಗ ದಾದಾಪೀರ ಎದುರಿಗೆ ಕೂತು, ಇನ್ನ ಸ್ವಲ್ಪ, ಇನ್ನ ಸ್ವಲ್ಪ ಎನ್ನುತ್ತಾನೆ. ಮೊನ್ನೆ ಆ ಕೈ ಅವನ ಕಿವಿಯವರೆಗೆ ಬಂತು. ಫಿಜಾ ಕಿವಿ ಹಿಡಿದು ಬಿಡಲೇ ಇಲ್ಲ.

"ಜೋರಾಗಿ ಹಿಂಡು," ಎಂದಳು ಯಾಸ್ಮೀನ ಅಡುಗೆಮನೆಯಿಂದ.